ರೋಮಿನ ತೃಪ್ತಿ, ಗೋವರ್ಧನದ ಬಡ್ಡಿ

ಸುಮಾರು ಎರಡು ಸಾವಿರ ವರ್ಷಗಳ ಕೆಳಗೆ ಪೈಠಣದಿಂದ ಬೆಲೆಯುಳ್ಳ ಕಲ್ಲುಗಳೂ ತಗರದಿಂದ, ಅಂದರೆ ಈಗಿನ ತೇರ್‌ನಿಂದ, ಅರಿವೆಯೂ ಗಾಡಿಗಳ ಮೇಲೆ ಭರೂಚ ಬಂದರಿಗೆ ಹೋಗುತ್ತಿದ್ದವು. ಅಲ್ಲಿಂದ ಹಡಗಿನಲ್ಲಿ ರೋಮ್ ಸಾಮ್ರಾಜ್ಯಕ್ಕೆ. ಸರಕು ಅತ್ತ ಹೋದಂತೆ ನಾಣ್ಯ ಇತ್ತ ಬಂತು. ನಮ್ಮ ಯಶವಂತಪುರದಲ್ಲಿಯೂ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ರೋಮಿನ ಬೆಳ್ಳಿ ನಾಣ್ಯಗಳು ಸಿಕ್ಕಿವೆ.

ಈ ವ್ಯಾಪಾರ ಕಂಡು ಪ್ಲಿನಿ ಎಂಬ ರೋಮನ್ ಪಂಡಿತನು ಹೊಟ್ಟೆ ಉರಿದುಕೊಂಡನು. ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹಿಂದೂದೇಶದ ಪಾಲಾಗುತ್ತಿದೆ ಎಂಬುದು ಅವನ ದೂರು. ಅಂದಿನ ಕಾಲಾಳು ಸಿಪಾಯಿಯ ವರ್ಷದ ಪಗಾರ 900 ಸೆಸ್ಟರ್ಸ್. ಭಾಗಿಸಿ ನೋಡಿರಿ, 55 ಸಾವಿರಕ್ಕೂ ಮಿಕ್ಕ ಸಿಪಾಯಿಗಳ ಪಗಾರವಾಯಿತು!

ಇಂಥ ಊರಿನಲ್ಲಿ ತೃಪ್ತಿಯ ಉಪದೇಶ ಹುಟ್ಟಿದ್ದು ಸೋಜಿಗವಲ್ಲ. ಅದರಲ್ಲಿ ಹೆಸರಾದವನು ಸೆನೆಕ. ನೀರೋ ಚಕ್ರವರ್ತಿಗೆ ಗುರು, ಆಮೇಲೆ ಸಲಹೆಗಾರ, ಕ್ರಿ. ಶ. 65ರಲ್ಲಿ ಅದೇ ಶಿಷ್ಯನ ಅಪ್ಪಣೆಯಿಂದ ಪ್ರಾಣ ಬಿಟ್ಟನು. ಸಂಪತ್ತು ನಮ್ಮ ಮನೆಯಲ್ಲಿರಲಿ, ಮನಸ್ಸಿನಲ್ಲಿ ಬೇಡವೆಂಬುದು ಅವನ ವಾದದ ತಿರುಳು. ತಿಂಗಳಿಗೆ ಕೆಲವು ದಿನ ಒರಟು ಬಟ್ಟೆ ಉಟ್ಟು, ಒಣ ರೊಟ್ಟಿ ತಿಂದು, ಬಡತನವನ್ನು ಅಭ್ಯಾಸ ಮಾಡಿದರೆ ಅದರ ಭಯ ಹೋಗುವುದೆಂದು ಗೆಳೆಯನಿಗೆ ಬರೆದನು. ಆದರೆ ನಾಲ್ಕೇ ವರ್ಷಗಳಲ್ಲಿ 30 ಕೋಟಿ ಸೆಸ್ಟರ್ಸ್ ಕೂಡಿಹಾಕಿದನೆಂದು ವೈರಿಯೊಬ್ಬನು ಅವನನ್ನು ಮೂದಲಿಸಿದ್ದೂ ಉಂಟು.

ಖೋಲಿಯಲ್ಲಿ ಆರು ಜನ ಮಲಗಿ, ಊರಿಗೆ ಮನಿಆರ್ಡರ್ ಮಾಡಿ ಉಳಿದುದರಲ್ಲಿ ತಿಂಗಳು ದೂಡಿದವರಿಗೆ ಬಡತನದ ಅಭ್ಯಾಸ ಬೇರೆ ಬೇಕಿಲ್ಲ. ಸೆನೆಕ ಬರೆದದ್ದೂ ಅಂಥವರಿಗಲ್ಲ, ಉಳ್ಳವರಿಗೆ. ಅವನ ಮಾತನ್ನು ಎತ್ತಿಕೊಂಡು ಪಗಾರ ಕೇಳುವವರಿಗೆ ಉತ್ತರ ಕೊಡುವುದು ನ್ಯಾಯವಲ್ಲ. ಭಯದ ಮಾತು ಮಾತ್ರ ನಿಜ. ನೆರೆಯವನ ಹೊಸ ಗಡಿಯಾರ ನೋಡಿ ಸಾಲ ಮಾಡುವುದು ಹಸಿವಿನಿಂದಲ್ಲ.

ನನಗೆ ಹೆಚ್ಚು ಹಿಡಿಸುವವನು ಎಪಿಕ್ಟೀಟಸ್. ಹುಟ್ಟು ಗುಲಾಮ, ಬಿಡುಗಡೆಯಾದ ಮೇಲೆ ಮೇಷ್ಟರಾದನು. ಮನೆಯ ಕಬ್ಬಿಣದ ದೀಪ ಕಳುವಾದಾಗ, ನಾಳೆ ಮಣ್ಣಿನದು ತಂದರಾಯಿತೆಂದು ಸುಮ್ಮನಾದನಂತೆ.

'ಸಾಕು' ಎಂಬುದಕ್ಕೆ ಲೆಕ್ಕ ಬರೆದಿಟ್ಟವರು ನಮ್ಮ ನಾಸಿಕದಲ್ಲೇ ಇದ್ದಾರೆ. ಪಾಂಡವಲೇಣಿಯ 10ನೆಯ ಗುಹೆಯ ಶಾಸನದಲ್ಲಿ, ನಹಪಾನ ರಾಜನ ಅಳಿಯ ಉಷವದಾತನು ಗೋವರ್ಧನದ ನೇಕಾರರ ಸಂಘಗಳಲ್ಲಿ 3,000 ಕಾರ್ಷಾಪಣ ಇಟ್ಟ ಸಂಗತಿ ಇದೆ. ಅದರಲ್ಲಿ 2,000ಕ್ಕೆ ತಿಂಗಳಿಗೆ ನೂರಕ್ಕೆ ಒಂದು ಬಡ್ಡಿ. ವರ್ಷಕ್ಕೆ 240 ಆಯಿತು. ಮಳೆಗಾಲ ಅಲ್ಲಿ ಕಳೆಯುವ 20 ಭಿಕ್ಷುಗಳಿಗೆ ತಲಾ 12, ಬಟ್ಟೆಯ ಖರ್ಚು. ಉಳಿದ 1,000ಕ್ಕೆ ಮುಕ್ಕಾಲು ಬಡ್ಡಿ, ಅದು ಸಣ್ಣಪುಟ್ಟ ಖರ್ಚಿಗೆ. ಒಂದು ಕಾಸೂ ತಪ್ಪಿಲ್ಲ. ನಮ್ಮ ಮಿಲ್ಲಿನ ಹೆಡ್ ಕ್ಲಾರ್ಕರೂ ಒಪ್ಪಬೇಕು. ಅಸಲನ್ನು ಹಿಂದಕ್ಕೆ ಕೇಳುವಂತಿಲ್ಲ, ಬಡ್ಡಿ ಮಾತ್ರ ಉಣ್ಣಬೇಕೆಂದು ಕಲ್ಲಿನಲ್ಲೇ ಕೊರೆಸಿದ್ದಾನೆ. ರಜಾದಿನ ದಿಂಡೋರಿಯಿಂದ ನಾಸಿಕಕ್ಕೆ ಹೋಗುವವರು ಮೆಟ್ಟಿಲು ಹತ್ತಿ, ಗುಹೆಯ ಮೊಗಸಾಲೆಯಲ್ಲಿ ಆ ಅಕ್ಷರಗಳನ್ನು ನೋಡಬಹುದು.