ಕಾರ್ಡ್ ಉಜ್ಜಿದ್ರೆ ಕಾಸೂ ಬರುತ್ತೆ!

ದಿನಸಿ, ಕರೆಂಟ್ ಬಿಲ್, ಫೋನ್ ಬಿಲ್, ಮಕ್ಕಳ ಫೀಸು... ಮನೆ ಖರ್ಚೆಲ್ಲ ನಿಮ್ಮ ಕೈಯಿಂದಲೇ ತಾನೇ ಹೋಗೋದು? ಅದರಲ್ಲಿ ಒಂದಷ್ಟನ್ನು ಕ್ರೆಡಿಟ್ ಕಾರ್ಡ್‌ನಲ್ಲಿ ಕಟ್ಟುತ್ತಿದ್ದರೆ ಸದ್ದಿಲ್ಲದೆ ರಿವಾರ್ಡ್ ಪಾಯಿಂಟ್‌ಗಳು ಸೇರುತ್ತಿರುತ್ತವೆ. 'ಅದೇನು ಮಹಾ' ಎಂದು ಸುಮ್ಮನಿದ್ದರೆ ಎಷ್ಟೋ ಕಾರ್ಡ್‌ಗಳಲ್ಲಿ ಎರಡು-ಮೂರು ವರ್ಷಕ್ಕೆ ಅವುಗಳ ಅವಧಿಯೇ ಮುಗಿಯುತ್ತದೆ. ಸ್ವಲ್ಪ ಜಾಣತನ ತೋರಿದರೆ ಅದೇ ನಿಮ್ಮ ಸಾಸಿವೆ ಡಬ್ಬಿಯ ದುಡ್ಡು!

ಹೀಗೆ ಮಾಡಿ ನೋಡಿ

* ನಿಮ್ಮದು ಯಜಮಾನರ ಕಾರ್ಡಿನ ಜೊತೆ ಬಂದ ಆಡ್-ಆನ್ ಕಾರ್ಡೇ? ಹಾಗಾದರೆ ನಿಮ್ಮ ಖರ್ಚಿನ ಪಾಯಿಂಟ್ ಸೇರುವುದು ಅವರ ಖಾತೆಗೆ. ತಿಂಗಳಿಗೊಮ್ಮೆ ಸ್ಟೇಟ್‌ಮೆಂಟನ್ನು ಇಬ್ಬರೂ ಕೂತು ನೋಡಿ. ನಿಮ್ಮ ಪಾಲು ಕೇಳಿ ತಗೊಳ್ಳಿ, ಸಂಕೋಚ ಬೇಡ.

* ಪಾಯಿಂಟ್ ಕೊಟ್ಟು ಗಿಫ್ಟ್ ವೋಚರ್ ಪಡೆಯಿರಿ. ಗೃಹಪ್ರವೇಶಕ್ಕೋ ನಾಮಕರಣಕ್ಕೋ ಅದನ್ನೇ ಉಡುಗೊರೆ ಕೊಡಿ. ಮುಯ್ಯಿಗೆಂದು ತೆಗೆದಿಟ್ಟ ಹಣ ಕೈಯಲ್ಲೇ ಉಳಿಯಿತಲ್ಲ? ಅಂಚೆ ಕಚೇರಿಯ ಆರ್‌ಡಿಗೆ ಹಾಕಿ. ತಿಂಗಳಿಗೆ 100 ರೂಪಾಯಿಯಿಂದಲೇ ಶುರು ಮಾಡಬಹುದು.

* ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸುವ ಸೌಲಭ್ಯ 2022ರಲ್ಲಿ ಬಂತು. ಕಾರ್ಡ್ ಉಜ್ಜುವ ಮೆಷಿನ್ ಇಲ್ಲದ ಅಂಗಡಿಯಲ್ಲೂ ಸ್ಕ್ಯಾನ್ ಮಾಡಿ ಕೊಡಬಹುದು. ಅದಕ್ಕೆ ಪಾಯಿಂಟ್ ಸಿಗುತ್ತದೆಯೇ ಎಂದು ಮಾತ್ರ ಬ್ಯಾಂಕಿನಲ್ಲಿ ಕೇಳಿಕೊಳ್ಳಿ.

* ಪೆಟ್ರೋಲ್, ಮನೆ ಬಾಡಿಗೆಗೆ ಹಲವು ಕಾರ್ಡ್‌ಗಳು ಪಾಯಿಂಟ್ ಕೊಡುವುದಿಲ್ಲ. ಪಾಯಿಂಟ್ ಬಳಸುವಾಗಲೂ ಕೆಲವು ಬ್ಯಾಂಕ್‌ಗಳು ಶುಲ್ಕ ಹಿಡಿಯುತ್ತವೆ. ಆದ್ದರಿಂದ ಚೂರುಚೂರು ಬಳಸದೆ ಒಟ್ಟಿಗೆ ಬಳಸಿ.

ಲೆಕ್ಕ ತಪ್ಪಿದರೆ?

ಇಲ್ಲೇ ಇರೋದು ಗುಟ್ಟು. 100 ರೂಪಾಯಿಗೆ ಒಂದು ಪಾಯಿಂಟ್, ಪಾಯಿಂಟಿಗೆ 25 ಪೈಸೆ ಅಂದುಕೊಳ್ಳಿ. ತಿಂಗಳಿಗೆ 20,000 ರೂಪಾಯಿ ಖರ್ಚು ಮಾಡಿದರೆ ಸಿಗುವುದು 50 ರೂಪಾಯಿ, ವರ್ಷಕ್ಕೆ 600. ಆದರೆ ಒಂದೇ ಒಂದು ತಿಂಗಳು 'ಮಿನಿಮಮ್ ಡ್ಯೂ' ಮಾತ್ರ ಕಟ್ಟಿ ಸುಮ್ಮನಾದಿರೋ, ಶೇ 3.5ರ ಬಡ್ಡಿಯಂತೆ 700 ರೂಪಾಯಿಯಷ್ಟು ಬೀಳುತ್ತದೆ. ಅದರ ಮೇಲೆ ಶೇ 18 ಜಿಎಸ್‌ಟಿ ಬೇರೆ! ವರ್ಷವಿಡೀ ಕೂಡಿಟ್ಟದ್ದು ಒಂದೇ ಏಟಿಗೆ ಹೋಯಿತಲ್ಲ? ಹಾಗಾಗಿ ಪೂರ್ತಿ ಬಿಲ್ ಕಟ್ಟಲು ಆಗುತ್ತದೆ ಎಂದಾದರೆ ಮಾತ್ರ ಕಾರ್ಡ್ ಹೊರಗೆ ತೆಗೆಯಿರಿ. ಪಾಯಿಂಟ್ ಆಸೆಗೆ ಬೇಡದ ಸೀರೆ ಕೊಂಡರೆ ಅದು ಲಾಭವಲ್ಲ. ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯಲಂತೂ ಹೋಗಬೇಡಿ, ತೆಗೆದ ದಿನದಿಂದಲೇ ಬಡ್ಡಿ ಶುರು.

ಮೋಸಕ್ಕೆ ಬೀಳಬೇಡಿ

'ನಿಮ್ಮ ಪಾಯಿಂಟ್ ಇವತ್ತೇ ಮುಗಿಯುತ್ತೆ, ಈ ಲಿಂಕ್ ಒತ್ತಿ' ಅಂತ ಮೆಸೇಜ್ ಬಂತೇ? ಒತ್ತಲೇಬೇಡಿ. ಯಾರಿಗೂ ಒಟಿಪಿ ಹೇಳಬೇಡಿ. ಬ್ಯಾಂಕಿನ ಸ್ವಂತ ಆ್ಯಪ್‌ನಲ್ಲೇ ಪಾಯಿಂಟ್ ನೋಡಿಕೊಳ್ಳಿ. ಅಕಸ್ಮಾತ್ ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ ಕಾರ್ಡ್ ಬ್ಲಾಕ್ ಮಾಡಿಸಿ.

ಮಧ್ಯಾಹ್ನ ಕೆಲಸವೆಲ್ಲ ಮುಗಿದ ಮೇಲೆ ಒಂದು ಹತ್ತು ನಿಮಿಷ ಬಿಡುವು ಮಾಡಿಕೊಂಡು ಸ್ಟೇಟ್‌ಮೆಂಟ್ ತೆರೆದು ನೋಡಿ. ಮರೆತುಹೋದ ಪಾಯಿಂಟ್‌ಗಳು ಎಷ್ಟಿವೆಯೋ, ಯಾರಿಗೆ ಗೊತ್ತು!