ಕಾದರೆ ಮಾತ್ರ ಬಾಯಿಬಿಡುವ ಪಿಂಗಾಣಿ

ಹಳದಿ ಎಂಜಿನ್ ದೀಪ ಹತ್ತಿದ ಕಾರಿಗೆ ಗ್ಯಾರೇಜಿನಲ್ಲಿ ಸ್ಕ್ಯಾನರ್ ಚುಚ್ಚಿದಾಗ ಪಿ0135 ಎಂಬ ಕೋಡ್ ಬಂತೆನ್ನಿ. ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟಿನಲ್ಲಿ ದೋಷವಿದೆ ಎಂದು ಅದರ ಅರ್ಥ. ಹೊಗೆಕೊಳವೆಯ ಬಿಸಿಯಲ್ಲೇ ಕೂತಿರುವ ಸೆನ್ಸರಿಗೆ ಬೇರೆ ಹೀಟರ್ ಯಾಕೆ? ಇದಕ್ಕೆ ಉತ್ತರ ಬೇಕಾದರೆ 1890ರ ದಶಕದ ಕೊನೆಯ ಜರ್ಮನಿಗೆ, ಗಟಿಂಗೆನ್ ಊರಿಗೆ ಹೋಗಬೇಕು.

ಅಲ್ಲಿ ರಸಾಯನ ವಿಜ್ಞಾನಿ ವಾಲ್ಟರ್ ನರ್ನ್‌ಸ್ಟ್ ಹುಡುಕುತ್ತಿದ್ದದ್ದು ಒಳ್ಳೆಯ ಬೆಳಕನ್ನು. ಆಗಿನ ಬಲ್ಬಿನ ಇದ್ದಿಲ ಎಳೆ ಮಂಕಾಗಿ ಉರಿಯುತ್ತಿತ್ತು, ಗಾಳಿ ತಾಗಿದರೆ ಸುಟ್ಟೇ ಹೋಗುತ್ತಿತ್ತು. ನರ್ನ್‌ಸ್ಟ್ ಜಿರ್ಕೋನಿಯಾಕ್ಕೆ ಸುಮಾರು ಶೇ 15ರಷ್ಟು ಯಿಟ್ರಿಯಾ ಬೆರೆಸಿ ಪಿಂಗಾಣಿಯಂಥ ಕಡ್ಡಿ ಮಾಡಿದರು. ತಣ್ಣಗಿದ್ದಾಗ ಅದು ಕರೆಂಟನ್ನು ಹರಿಯಗೊಡದು. ಚೆನ್ನಾಗಿ ಕಾಯಿಸಿದರೆ ಹರಿಯಗೊಡುತ್ತದೆ, ಆಮೇಲೆ ತೆರೆದ ಗಾಳಿಯಲ್ಲೇ ಬೆಳ್ಳಗೆ ಬೆಳಗುತ್ತದೆ. ಹಾಗಾಗಿ ಕಡ್ಡಿಯ ಪಕ್ಕದಲ್ಲಿ ಪ್ಲಾಟಿನಂ ತಂತಿಯ ಹೀಟರ್ ಇಡಬೇಕಾಯಿತು. ಕಡ್ಡಿ ಹೊತ್ತಿಕೊಂಡೊಡನೆ ಹೀಟರ್ ತಾನೇ ಆರುತ್ತಿತ್ತು. ಟಂಗ್‌ಸ್ಟನ್ ಬಲ್ಬು ಬಂದಮೇಲೆ ಈ ದೀಪವನ್ನು ಕೇಳುವವರಿಲ್ಲವಾಯಿತು.

ಕಡ್ಡಿಯೊಳಗೆ ಹರಿಯುತ್ತಿದ್ದದ್ದೇನು ಎಂದು ವಿಜ್ಞಾನಿ ಕಾರ್ಲ್ ವಾಗ್ನರ್ ಬಿಡಿಸಿ ಹೇಳಿದ್ದು 1943ರಲ್ಲಿ. ಯಿಟ್ರಿಯಂ ಸೇರಿಕೊಂಡಾಗ ಹರಳಿನಲ್ಲಿ ಆಕ್ಸಿಜನ್ನಿನ ಕೆಲವು ಜಾಗಗಳು ಖಾಲಿ ಉಳಿಯುತ್ತವೆ. ಕಾವೇರಿದಂತೆ ಆಕ್ಸಿಜನ್ ಅಯಾನುಗಳು ಒಂದು ಖಾಲಿ ಜಾಗದಿಂದ ಇನ್ನೊಂದಕ್ಕೆ ನೆಗೆಯುತ್ತ ಸಾಗುತ್ತವೆ. ನರ್ನ್‌ಸ್ಟ್ ತೀರಿಕೊಂಡು ಆಗ ಎರಡು ವರ್ಷ. ನನಗೆ ಇದು ಸಂಕಟದ ಸಂಗತಿ. ಸಾಂದ್ರತೆಯ ವ್ಯತ್ಯಾಸದಿಂದ ಎಷ್ಟು ವೋಲ್ಟ್ ಹುಟ್ಟುತ್ತದೆ ಎಂಬ ಸೂತ್ರ ಅವರದೇ, 1889ರದು. ಕಡ್ಡಿಯೂ ಅವರದೇ. ಎರಡೂ ಒಂದಾಗಿ ಕಾರಿನ ಹೊಗೆ ಅಳೆಯುವುದನ್ನು ನೋಡಲು ಅವರೇ ಇರಲಿಲ್ಲ.

ಹೊಗೆ ಅಳೆಯುವ ಅಗತ್ಯ ಹುಟ್ಟಿದ್ದು ಅಮೆರಿಕದ 1970ರ ಶುದ್ಧ ಗಾಳಿಯ ಕಾಯ್ದೆಯಿಂದ. ಮೂರು ಬಗೆಯ ವಿಷವನ್ನು ಒಟ್ಟಿಗೆ ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು, ಆಚೀಚೆ ಆಗಕೂಡದು. ಬಾಷ್ ಕಂಪನಿ ಜಿರ್ಕೋನಿಯಾವನ್ನು ಬೆರಳುಚೀಲದಂತೆ ಮಾಡಿ ಹೊರಮೈಗೆ ಹೊಗೆ, ಒಳಮೈಗೆ ಹೊರಗಿನ ಗಾಳಿ ತಾಗುವಂತೆ ಕೂರಿಸಿತು. ಹೊಗೆಯಲ್ಲಿ ಆಕ್ಸಿಜನ್ ತೀರಿದ್ದರೆ 0.9 ವೋಲ್ಟಿನ ಹತ್ತಿರ, ಉಳಿದಿದ್ದರೆ 0.1ರ ಹತ್ತಿರ. 1976ರಲ್ಲಿ ಅದು ವೋಲ್ವೋ ಕಾರುಗಳಲ್ಲಿ ಓಡಾಡತೊಡಗಿತು.

ಮೆಕ್ಯಾನಿಕ್‌ಗಳು ಎಡವುವುದು ಇಲ್ಲೇ. ಪಿ0171 ಬಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿದೆ ಎಂದಷ್ಟೇ ಅರ್ಥ. ಸೀಳಿದ ರಬ್ಬರ್ ಹೋಸಿನಿಂದ ಗಾಳಿ ನುಗ್ಗುತ್ತಿದ್ದರೆ ಸೆನ್ಸರ್ ಆಡುತ್ತಿರುವುದು ನಿಜವನ್ನೇ. ನಿಜ ಹೇಳಿದ ತಪ್ಪಿಗೆ ಅದನ್ನು ಬಿಚ್ಚಿ ಹೊಸದು ಹಾಕುತ್ತಾರೆ, ಗಿರಾಕಿ ಸಾವಿರಾರು ರೂಪಾಯಿ ತೆರುತ್ತಾರೆ, ದೀಪ ಮತ್ತೆ ಹತ್ತುತ್ತದೆ.

ಪಿ0135ರ ದಾರಿ ಬೇರೆ. ಮೊದಮೊದಲ ಸೆನ್ಸರುಗಳು ಹೊಗೆಯ ಬಿಸಿಗೇ ಕಾಯಬೇಕಿತ್ತು. ಸುಮಾರು 300 ಡಿಗ್ರಿ ಮುಟ್ಟುವ ತನಕ ಪಿಂಗಾಣಿ ಮೂಕ, ಮಿಶ್ರಣ ಹೊಂದಿಸುವ ಎಂಜಿನ್ ಕಂಪ್ಯೂಟರ್ ಕುರುಡು. ಅಷ್ಟು ಹೊತ್ತೂ ಹೊಗೆಯಲ್ಲಿ ವಿಷ. 1982ರಲ್ಲಿ ಸೆನ್ಸರಿನೊಳಗೇ ಹೀಟರ್ ಬಂತು, ಗಟಿಂಗೆನ್ನಿನ ದೀಪದಲ್ಲಿದ್ದಂತೆಯೇ. ಅದು ಸತ್ತಿದೆಯೇ ಎಂದು ತಿಳಿಯಲು ಮೊದಲು ಫ್ಯೂಸ್ ನೋಡಬೇಕು, ಆಮೇಲೆ ಪ್ಲಗ್ಗಿಗೆ 12 ವೋಲ್ಟ್ ಬರುತ್ತಿದೆಯೇ ಎಂದು ನೋಡಬೇಕು. ಎರಡೂ ಸರಿಯಿದ್ದರೆ ಎಂಜಿನ್ ತಣ್ಣಗಾದಮೇಲೆ ಹೀಟರಿನ ಎರಡು ವೈರಿಗೆ ಮೀಟರ್ ಹಿಡಿಯಬೇಕು. ಕೆಲವೇ ಓಮ್ ತೋರಿಸಿದರೆ ಹೀಟರ್ ಜೀವಂತ. ಮೀಟರ್ ಏನೂ ತೋರಿಸದಿದ್ದರೆ ಒಳಗಿನ ತಂತಿ ಕಡಿದಿದೆ; ಹೊಸ ಸೆನ್ಸರಿಗೆ ಆಗ ದುಡ್ಡು ಬಿಚ್ಚಬಹುದು.