ಮೌಸ್ ಒತ್ತುವ ಬೆರಳಿನ ವೇಗ ಮತ್ತು ಕೈಯ ಆರೋಗ್ಯ

ಕಳೆದ ಬೇಸಿಗೆ ರಜೆಯಲ್ಲಿ ಗಜೇಂದ್ರಗಡದ ನೇಕಾರ ಮನೆತನದ ತಾಯಿಯೊಬ್ಬರು ಹದಿನೈದು ವರ್ಷದ ಮಗನನ್ನು ರೋಣದ ನಮ್ಮ ಚಿಕಿತ್ಸಾಲಯಕ್ಕೆ ಕರೆತಂದರು. ಬಲ ಮೊಣಕೈಯ ಹೊರಮಗ್ಗುಲಲ್ಲಿ ನೋವು. ತುಂಬಿದ ತಂಬಿಗೆ ಎತ್ತಿದರೆ ಹಿಡಿತ ಸಡಿಲವಾಗುತ್ತಿತ್ತು. ಇಂಥ ನೋವನ್ನು ಮಗ್ಗದವರಲ್ಲಿಯೂ ನರಗುಂದದ ಕಡೆ ಹತ್ತಿ ಬಿಡಿಸುವ ಹೆಣ್ಣುಮಕ್ಕಳಲ್ಲಿಯೂ ಬಹಳ ಕಂಡಿದ್ದೇನೆ. "ಮಗ್ಗಕ್ಕ ಕೂಡ್ತೀಯೇನು ತಮ್ಮಾ?" ಎಂದೆ. "ಇಲ್ಲರೀ ಸರ್, ದಿನಾ ಎರಡು ತಾಸು ಕ್ಲಿಕ್ ಪ್ರ್ಯಾಕ್ಟೀಸ್ ಮಾಡತೇನ್ರಿ" ಎಂದ.

ನನಗೆ ಅರ್ಥವಾಗಲಿಲ್ಲ. ಅವನೇ ತಿಳಿಸಿ ಹೇಳಿದ. ಮೈನ್‌ಕ್ರಾಫ್ಟ್ ಎಂಬ ಆಟದ ಹಳೆಯ ಆವೃತ್ತಿಯಲ್ಲಿ ಮೌಸನ್ನು ಬೇಗ ಬೇಗ ಒತ್ತಿದವನ ಕೈ ಮೇಲಾಗುತ್ತದೆ. 2016ರಲ್ಲಿ ಬಂದ 1.9ನೆಯ ಆವೃತ್ತಿಯಲ್ಲಿ ಪ್ರತಿ ಹೊಡೆತದ ನಂತರ ತುಸು ಕಾಯಬೇಕೆಂಬ ನಿಯಮ ಬಂದಿದೆಯಾದರೂ ಹುಡುಗರು ಹಳೆಯದನ್ನು ಬಿಟ್ಟಿಲ್ಲ. ಒಂದು ಸೆಕೆಂಡಿಗೆ ಎಷ್ಟು ಕ್ಲಿಕ್ ಎಂಬುದೇ ಅವರ ಪ್ರತಿಷ್ಠೆ.

ಅಳೆಯುವ ಕ್ರಮ ಸರಳ. ನಿಗದಿತ ಅವಧಿಯಲ್ಲಿ ಒತ್ತಿದ ಸಂಖ್ಯೆಯನ್ನು ಸೆಕೆಂಡುಗಳಿಂದ ಭಾಗಿಸಬೇಕು. ನಮ್ಮ ಗಣಕಯಂತ್ರದಲ್ಲಿಯೇ ಹುಡುಗ ತೋರಿಸಿದ: 10 ಸೆಕೆಂಡಿಗೆ 70, ಅಂದರೆ ಸೆಕೆಂಡಿಗೆ 7. ಅರವತ್ತು ದಾಟಿದ ನನ್ನ ಬೆರಳು 48ಕ್ಕೆ ನಿಂತಿತು. ಒಂದೇ ಸೆಕೆಂಡಿನ ಪರೀಕ್ಷೆಯನ್ನು ನಂಬಬಾರದು, ಅದು ಹಿಗ್ಗಿಸಿ ಹೇಳುತ್ತದೆ. ನಡುವೆ ಒಂದು ನಿಮಿಷ ವಿಶ್ರಾಂತಿ ಕೊಟ್ಟು ಹತ್ತು ಸೆಕೆಂಡಿನ ಪರೀಕ್ಷೆಯನ್ನು ಮೂರು ಸಲ ಮಾಡಿ ಸರಾಸರಿ ತೆಗೆಯುವುದು ಯೋಗ್ಯ. ವೈದ್ಯನ ಕಣ್ಣಿಗೆ ಸಂಖ್ಯೆಗಿಂತ ಅದರ ಇಳಿತ ಮುಖ್ಯ. ಆ ಹುಡುಗನ ಮೂರನೆಯ ಸಲದ ಎಣಿಕೆ 55ಕ್ಕೆ ಬಿದ್ದಿತು. ದಣಿದ ಕೈಯ ಗುರುತು ಅದು.

ಬೆರಳು ಒತ್ತುವುದು ಒಂದು ಕೆಲಸವಾದರೆ ಎತ್ತುವುದು ಇನ್ನೊಂದು. ಒತ್ತುವ ಮಾಂಸಪೇಶಿಗಳು ಮುಂಗೈಯ ಒಳಭಾಗದಲ್ಲಿವೆ. ಎತ್ತುವವು ಹೊರಭಾಗದಲ್ಲಿದ್ದು ಮೊಣಕೈಯ ಹೊರ ಎಲುಬಿಗೆ ಅಂಟಿಕೊಂಡಿವೆ. ಒತ್ತದೆ ಸುಮ್ಮನೆ ಕಾಯುವಾಗಲೂ ಬೆರಳನ್ನು ಗುಂಡಿಯ ಮೇಲೆ ತೇಲಿಸಿ ಹಿಡಿದರೆ ಈ ಎರಡನೆಯ ಗುಂಪಿಗೆ ಬಿಡುವೇ ಇಲ್ಲ. ಹುಡುಗನಿಗೆ ನೋವು ಮೊಣಕೈಯಲ್ಲಿ ಕಾಣಿಸಿಕೊಂಡದ್ದು ಈ ಕಾರಣದಿಂದ. ಒತ್ತು, ಎತ್ತು ಎಂಬ ಆಜ್ಞೆಗಳನ್ನು ಮಿದುಳು ಸರದಿಯಂತೆ ಕಳುಹಿಸಬೇಕಾದ್ದರಿಂದ ಸಾಮಾನ್ಯರ ವೇಗ ಸೆಕೆಂಡಿಗೆ ಆರೇಳಕ್ಕೆ ನಿಲ್ಲುತ್ತದೆ.

ಈ ಮಿತಿಯನ್ನು ಮೀರಲು ಹುಡುಗರು ಕಂಡುಕೊಂಡ ಉಪಾಯವೊಂದಿದೆ. ಮುಂಗೈಯನ್ನು ಬಿಗಿದು ನಡುಗಿಸುವುದು. ಅದಕ್ಕೆ ಜಿಟ್ಟರ್ ಕ್ಲಿಕ್ ಎನ್ನುತ್ತಾರೆ. ಆರೋಗ್ಯವಂತರ ಕೈಯಲ್ಲಿಯೂ ಸೆಕೆಂಡಿಗೆ 8ರಿಂದ 12 ಸಲದ ಸೂಕ್ಷ್ಮ ಕಂಪನವಿರುತ್ತದೆ. ಅದನ್ನೇ ಬಲವಂತವಾಗಿ ಹಿಗ್ಗಿಸಿ ದುಡಿಸಿಕೊಳ್ಳುವ ಬಗೆಯಿದು. ಜಪಾನಿನ ಹಡ್ಸನ್ ಸಾಫ್ಟ್ ಕಂಪನಿಯ ತಕಹಾಶಿ ಮೇಜಿನ್ 1980ರ ದಶಕದಲ್ಲಿ ಸೆಕೆಂಡಿಗೆ 16 ಸಲ ಗುಂಡಿ ಒತ್ತಿ ಹೆಸರಾದರು. ಅದನ್ನು ಕಂಡು ಬೆಳೆಯುವ ಕೈಯನ್ನು ದಿನಕ್ಕೆರಡು ತಾಸು ನಡುಗಿಸುವುದನ್ನು ನಾನಂತೂ ಒಪ್ಪಲಾರೆ. ತೋರುಬೆರಳು, ಮಧ್ಯಬೆರಳುಗಳಿಂದ ಒಂದೇ ಗುಂಡಿಯನ್ನು ಸರದಿಯಂತೆ ಒತ್ತುವ ಬಟರ್‌ಫ್ಲೈ ಕ್ಲಿಕ್‌ನಲ್ಲಿ ಭಾರ ಹಂಚಿಹೋಗುವುದರಿಂದ ಅದು ಇದಕ್ಕಿಂತ ಮೇಲು. ಬೆರಳನ್ನು ಗುಂಡಿಯ ಮೇಲೆ ಉಜ್ಜಿ ಎಳೆಯುವ ಇನ್ನೊಂದು ವಿಧಾನವಿದೆ. ಅಲ್ಲಿ ಹೆಚ್ಚುವುದು ಗುಂಡಿ ಪುಟಿಯುವ ಎಣಿಕೆ, ಬೆರಳಿನ ವೇಗವಲ್ಲ.

ವೇಗ ಹೆಚ್ಚಬೇಕೆಂದರೆ ಬಿಗಿತ ಕಡಿಮೆಯಾಗಬೇಕು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ತಬಲಾ ಅಭ್ಯಾಸವನ್ನು ಕೇಳಿದ ಸದ್ಭಕ್ತರಿಗೆ ಇದು ಹೊಸತಲ್ಲ. ಬೋಲುಗಳು ಮೊದಲು ವಿಲಂಬ ಲಯದಲ್ಲಿ ಕೈಗೆ ಕೂರಬೇಕು, ದ್ರುತ ತಾನಾಗಿ ಬರುತ್ತದೆ. ಹುಡುಗನಿಗೂ ಅದನ್ನೇ ಹೇಳಿದೆ. ಮುಂಗೈ ಪೂರ್ತಿ ಮೇಜಿನ ಮೇಲೆ ಒರಗಿರಲಿ, ಮಣಿಕಟ್ಟು ನೇರವಿರಲಿ, ಬೆರಳು ಗುಂಡಿಯನ್ನು ಮುಟ್ಟಿಕೊಂಡೇ ಇರಲಿ. ಸೆಕೆಂಡಿಗೆ ನಾಲ್ಕರಂತೆ ಸಮನಾದ ಲಯದಲ್ಲಿ ಹತ್ತು ಸೆಕೆಂಡು ಒತ್ತಿ ಅರ್ಧ ನಿಮಿಷ ಬಿಡಬೇಕು. ದಿನಕ್ಕೆ ಐದು ನಿಮಿಷ ಸಾಕು. ಸುಶ್ರುತ ಸಂಹಿತೆಯು ವ್ಯಾಯಾಮವನ್ನು ದೇಹಬಲದ ಅರ್ಧದಷ್ಟೇ ಮಾಡಬೇಕೆಂದು ವಿಧಿಸುತ್ತದೆ. ಬೆರಳಿಗೆ ಬೇರೆ ನಿಯಮವೇನಿಲ್ಲ.

ಮೊದಲ ಮೂರು ವಾರ ಅದೂ ಬೇಡವೆಂದು ನಿಲ್ಲಿಸಿದ್ದೆ. ಉಗುರುಬೆಚ್ಚಗಿನ ಎಳ್ಳೆಣ್ಣೆಯನ್ನು ಮೊಣಕೈಯಿಂದ ಬೆರಳ ತುದಿಯವರೆಗೆ ಹಗುರಾಗಿ ಸವರಿ ಬಿಸಿನೀರಿನ ಬಟ್ಟೆಯಿಂದ ಕಾವು ಕೊಡಲು ತಾಯಿಗೆ ತಿಳಿಸಿದೆ. ನೋವು ಇಳಿಯಿತು. ಆದರೆ ಹೆಬ್ಬೆರಳು, ತೋರುಬೆರಳು, ಮಧ್ಯಬೆರಳುಗಳಲ್ಲಿ ರಾತ್ರಿ ಹೊತ್ತು ಜೋಮು ಹಿಡಿದರೆ ಎಣ್ಣೆ ನಂಬಿ ಕೂರಬಾರದು. ಮಣಿಕಟ್ಟಿನಲ್ಲಿ ನರ ಒತ್ತಲ್ಪಟ್ಟಿರಬಹುದು, ವೈದ್ಯರಿಗೆ ತೋರಿಸಲೇಬೇಕು.

ಎರಡು ತಿಂಗಳ ನಂತರ ಹುಡುಗ ಮತ್ತೆ ಬಂದ. ಎಣಿಕೆ 74 ಆಗಿತ್ತು, ಮೂರನೆಯ ಸಲವೂ 71. ಈ ಸಲ ಜೊತೆಯಲ್ಲಿ ಅಜ್ಜನಿದ್ದರು. ಮನೆಯಲ್ಲಿ ಎಲ್ಲರ ವೇಗ ಅಳೆಯುವ ಹುರುಪಿನಲ್ಲಿ ಅಜ್ಜನ ಬೆರಳನ್ನೂ ಮೌಸಿನ ಮೇಲೆ ಇಡಿಸಿದ್ದನಂತೆ. "ಅಜ್ಜಾರ ಎಡಗೈ ಚಲೋ ಐತ್ರಿ ಸರ್, ಬಲಗೈ ಒತ್ತತಾ ಒತ್ತತಾ ಸಣ್ಣಾಗಿ ನಿಂತಬಿಡತೈತ್ರಿ" ಎಂದ. ಮುಪ್ಪಿನಲ್ಲಿ ಎರಡೂ ಕೈ ನಿಧಾನವಾಗುವುದು ಸಹಜ. ಒಂದೇ ಕೈಯ ಚಲನೆ ಹತ್ತು ಸೆಕೆಂಡಿನೊಳಗೆ ಕಿರಿದಾಗುತ್ತ ತಡೆದು ನಿಲ್ಲುವುದು ಸಹಜವಲ್ಲ. ಪಾರ್ಕಿನ್ಸನ್ ಕಾಯಿಲೆಯನ್ನು, ಅಂದರೆ ನಾವು ಕಂಪವಾತವೆನ್ನುವುದನ್ನು, ಗುರುತಿಸಲು ನರರೋಗ ತಜ್ಞರು ಹೆಬ್ಬೆರಳಿಗೆ ತೋರುಬೆರಳನ್ನು ಬೇಗ ಬೇಗ ತಾಗಿಸಿ ನೋಡುವುದೂ ಇದಕ್ಕಾಗಿಯೇ. ನಲವತ್ತು ವರ್ಷ ಮಗ್ಗದಲ್ಲಿ ದುಡಿದ ಕೈಯೆಂದು ಮನೆಯವರು ಅದನ್ನು ದಣಿವೆಂದೇ ತಿಳಿದಿದ್ದರು. ಅವರನ್ನು ಅದೇ ವಾರ ಹುಬ್ಬಳ್ಳಿಯ ತಜ್ಞರ ಬಳಿಗೆ ಕಳುಹಿಸಿದೆ. ಔಷಧಿ ಆರಂಭವಾಗಿದೆ. ಪ್ರತಿ ಸೋಮವಾರ ಅಜ್ಜನ ಎರಡೂ ಕೈಗಳ ಎಣಿಕೆಯನ್ನು ಮೊಮ್ಮಗ ವಹಿಯಲ್ಲಿ ಬರೆದಿಡುತ್ತಿದ್ದಾನೆ.